ಪಥ್ಯವಿಲ್ಲದ ರೋಗಿ

ಈರೇಶ ಯಾವ ಲೆಕ್ಕ ಹೇಳಿದರೂ ಅದನ್ನು ಹತ್ತರಿಂದ ಭಾಗಿಸಿ ನಂಬಬೇಕೆಂಬುದು ಒಮಾನಿನ ಸುವೈಕ್‌ನಲ್ಲಿದ್ದ ನಮ್ಮ ನಾಲ್ಕಾರು ಕನ್ನಡದ ಮನೆಗಳ ಒಪ್ಪಂದವಾಗಿತ್ತು. ಊರಿನಲ್ಲಿ ಅವನ ಅಪ್ಪನಿಗೆ ನಲವತ್ತು ಎಮ್ಮೆ ಎಂದರೆ ನಾಲ್ಕು. ಮಸ್ಕತ್‌ನಲ್ಲಿ ಅವನ ಕೈಕೆಳಗೆ ಮೂವತ್ತು ಜನ ಇದ್ದರು ಎಂದರೆ ಮೂವರು. ಆದ್ದರಿಂದ ಒಂದು ಶುಕ್ರವಾರ ಅವನು, "ಮುನಿಯಪ್ಪಣ್ಣ, ಈ ಅರಬರಿಗೆ ನನ್ನ ಮ್ಯಾಲ ಎಷ್ಟ ಪ್ರೀತಿ ಅಂತೀರಿ, ದಿನಾ ಅರವತ್ತ ಕಪ್ ಕಾವಾ ಕುಡಿಸಿ ಕಳಸ್ತಾರ" ಎಂದಾಗ ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡಿ, ಆರು ಎಂದುಕೊಂಡು ಸುಮ್ಮನಾದೆ. ಅವನು ಜೀವಮಾನದಲ್ಲಿ ಹೇಳಿದ ಒಂದೇ ಒಂದು ಸರಿಯಾದ ಲೆಕ್ಕ ಅದು ಎಂದು ಆಮೇಲೆ ತಿಳಿಯಿತು.

ಈರೇಶ ಗಜೇಂದ್ರಗಡದ ಕಡೆಯವನು. ಏಸಿ ರಿಪೇರಿ ಮಾಡುವ ನಮ್ಮ ಕಂಪನಿಯ ಮಸ್ಕತ್ ಗೋದಾಮಿನಲ್ಲಿ ಕಂಪ್ರೆಸರುಗಳ ನಡುವೆ ಕುಳಿತಿದ್ದವನನ್ನು ಆ ವರ್ಷ ಸೂಪರ್‌ವೈಸರ್ ಮಾಡಿ ಸುವೈಕ್‌ಗೆ ಕಳಿಸಿದ್ದರು. ಗೋದಾಮಿನಲ್ಲಿ ಅವನಿಗೆ ಒಬ್ಬ ಒಮಾನಿಯ ಮುಖವೂ ಕಂಡಿರಲಿಲ್ಲ. ಇಲ್ಲಿ ದಿನವೂ ಆರೇಳು ಒಮಾನಿ ಮನೆಗಳಿಗೆ ಹೋಗಿ, ಏಸಿ ನೋಡಿ, ಮೆಕ್ಯಾನಿಕ್‌ಗೆ ಕೆಲಸ ಹಚ್ಚಿ, ಮುಗಿಯುವ ತನಕ ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ದಿಂಬಿಗೆ ಒರಗಿ ಕೂರುವುದು ಅವನ ಕೆಲಸ. ಮನೆಯವರು ಖರ್ಜೂರದ ತಟ್ಟೆ ಇಟ್ಟು, ಏಲಕ್ಕಿ ಹಾಕಿದ ಕಾಫಿಯನ್ನು, ಅಂದರೆ ಕಾವಾವನ್ನು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಿದ್ದರು. ಅವನು ಕುಡಿಯುತ್ತಿದ್ದ. ಅವರು ಮತ್ತೆ ಹಾಕುತ್ತಿದ್ದರು. ಹಾಕಿದ್ದನ್ನು ಬಿಟ್ಟರೆ ಹಾಕಿದವರಿಗೆ ಅವಮಾನ ಎಂದು ಅವನ ತಾಯಿ ಕಲಿಸಿದ್ದರು. ಹೀಗೆ ಎರಡು ದೇಶಗಳ ಮರ್ಯಾದೆ ಎದುರುಬದುರು ಕುಳಿತು ಒಂದನ್ನೊಂದು ಸೋಲಿಸಲು ಹೊರಟಿತ್ತು.

ಮೂರು ತಿಂಗಳಾಗುವಷ್ಟರಲ್ಲಿ ಈರೇಶನಿಗೆ ನಿದ್ದೆ ಬರುವುದೇ ನಿಂತುಹೋಯಿತು. ಕೈ ನಡುಗತೊಡಗಿತು. ಕಿವಿಯೊಳಗೇ ಎದೆ ಬಡಿಯುವುದು ಕೇಳಿಸುತ್ತಿತ್ತಂತೆ, ನಡುವೆ ಒಂದು ಬಡಿತ ತಪ್ಪುತ್ತಿತ್ತಂತೆ. "ಮತ್ತ ಬರ್ತದೋ ಇಲ್ಲೋ ಅಂತ ಕಾಯ್ಕೋತ ಮಲಗಬೇಕು ನೋಡ್ರಿ" ಎಂದು ಹೇಳುವಾಗ ಅವನ ಮುಖದಲ್ಲಿ ನಿಜವಾದ ಭಯ ಕಂಡಿತು. ಆಸ್ಪತ್ರೆಗೆ ಹೋಗೋಣ ಎಂದರೆ ಸೂಜಿ ಎಂದು ಹೆದರಿದ. ಹಾಗಾಗಿ ನಾವೆಲ್ಲ ಒಕ್ಕೊರಲಿನಿಂದ ಪ್ಯಾಟ್ರಿಷಿಯಾ ಮೇಡಂ ಹೆಸರು ಹೇಳಿದೆವು.

ಪ್ಯಾಟ್ರಿಷಿಯಾ ಶಿರ್ವದ ಕಡೆಯವರು. ಊರಿನಲ್ಲಿ ಆಯುರ್ವೇದ ಓದಿ ಡಿಗ್ರಿ ಪಡೆದವರು. ಗಂಡ ಸ್ಟ್ಯಾನಿ ಸುವೈಕ್‌ನ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್. ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಯುರ್ವೇದ ಸ್ವಾಸ್ಥ್ಯ ಕೇಂದ್ರ. ಯಾರಾದರೂ "ಡಾಕ್ಟ್ರೇ" ಎಂದರೆ ತಕ್ಷಣ ತಿದ್ದುತ್ತಿದ್ದರು. "ಡಿಗ್ರಿ ಊರಲ್ಲಿ ಉಂಟು ಮಾರಾಯ್ರೆ. ಇಲ್ಲಿ ನನಗೆ ಕೊಟ್ಟ ಲೈಸೆನ್ಸ್ ಎಣ್ಣೆಗೆ, ಊಟಕ್ಕೆ, ನಿದ್ದೆಗೆ. ರೋಗ ಹಿಡಿಯುದು ಇಲ್ಲಿ ನನ್ನ ಕೆಲಸ ಅಲ್ಲ." ಇಷ್ಟು ಹೇಳಿ ತೋಳು ಮಡಚಿ ಎಣ್ಣೆ ಹಚ್ಚಲು ನಿಂತರೆ, ಏಳಲಾಗದವರು ಎದ್ದು ಮೆಟ್ಟಿಲಿಳಿದು ಹೋಗುತ್ತಿದ್ದರು. ಹೆಂಗಸರಿಗೆ ಅವರ ಕೈ, ಗಂಡಸರಿಗೆ ಅವರು ಕಲಿಸಿದ ಇಬ್ಬರು ಮಲಯಾಳಿಗಳ ಕೈ. ನನ್ನ ಹೆಂಡತಿ ತಾಯಮ್ಮನ ಭುಜ ಎರಡು ವರ್ಷದಿಂದ ಮೇಲೇಳದೆ ಇದ್ದದ್ದು ಈಗ ನನ್ನ ಕಡೆ ಬೆರಳು ತೋರಿಸುವಷ್ಟು ಸಲೀಸಾಗಿತ್ತು.

ಆದರೆ ಪ್ಯಾಟ್ರಿಷಿಯಾ ಅವರ ನಿಜವಾದ ಖ್ಯಾತಿ ಎಣ್ಣೆಯಿಂದ ಬಂದದ್ದಲ್ಲ, ಪಥ್ಯದಿಂದ. ಶುಕ್ರವಾರ ನಾವು ಸೇರಿದಾಗ ಪಥ್ಯದ ಲೆಕ್ಕದ ಮೇಲೆ ಹಿರಿತನ ನಿರ್ಧಾರವಾಗುತ್ತಿತ್ತು. ಎಲ್ಲರಿಗಿಂತ ಮುಂದೆ ನಮ್ಮ ಅಕೌಂಟೆಂಟ್ ಭೀಮಪ್ಪನವರು. ಬಾಗಲಕೋಟೆಯವರು, ಒಮಾನಿನಲ್ಲಿ ಇಪ್ಪತ್ತು ವರ್ಷ ಕಳೆದ ಹಿರಿಯರು, ಮಂಡಿನೋವಿಗೆ ಎಣ್ಣೆ ಹಾಕಿಸಿಕೊಳ್ಳುತ್ತಿದ್ದರು. "ನನಗ ಹುಳಿ ಬಂದ್, ಬಟಾಟಿ ಬಂದ್, ರಾತ್ರಿ ಮೊಸರ ಬಂದ್, ಒಂಬತ್ತರ ಮ್ಯಾಲೆ ಟೀವಿನೂ ಬಂದ್" ಎಂದು ಅವರು ಬಿರುದಾವಳಿ ಓದಿದಂತೆ ಓದುತ್ತಿದ್ದರು. ಪ್ರತಿ ಸಲವೂ ಮೇಡಂ, ತಲೆ ತಿರುಗುತ್ತದೆ ಅನ್ನುತ್ತೀರಿ, ಹೋಗಿ ಪ್ರೆಶರ್ ನೋಡಿಸಿ ಎಂದೂ ಹೇಳುತ್ತಿದ್ದರಂತೆ. ಅದು ತಿನ್ನುವ ಪದಾರ್ಥವಲ್ಲವಾದ್ದರಿಂದ ಭೀಮಪ್ಪನವರು ಅದನ್ನು ಪಥ್ಯಕ್ಕೆ ಸೇರಿಸಿರಲಿಲ್ಲ. ನನ್ನ ಹೆಂಡತಿಗೆ ಹಗಲು ನಿದ್ದೆ ಒಂದೇ ನಿಷಿದ್ಧ. ನಾಲ್ಕು ಜನರ ನಡುವೆ ಅದು ಅವಮಾನವೆನಿಸಿ, ಅವಳು ತಾನೇ ನುಗ್ಗೆಕಾಯಿಯನ್ನೂ ಸೇರಿಸಿಕೊಂಡಿದ್ದಳು.

ಇಂಥ ಪ್ಯಾಟ್ರಿಷಿಯಾ ಅವರ ಮುಂದೆ ಒಂದು ಸಂಜೆ ಈರೇಶನನ್ನು ಕೂರಿಸಿದೆವು. ಅವನ ಕೈ ನಡುಗುತ್ತಿದ್ದುದರಿಂದ ಕಾರು ನನ್ನದು. ಅವನ ಹೆಂಡತಿ ಪ್ರತಿಮಾಳೂ ಜೊತೆಗೆ ಬಂದಿದ್ದಳು.

ಒಳಗೆ ಬೆಚ್ಚಗಿನ ಎಣ್ಣೆಯ ವಾಸನೆ. ಮೇಡಂ ಅವನ ಮಾತನ್ನೆಲ್ಲ ಕೇಳಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಗೋಡೆಯ ಗಡಿಯಾರ ನೋಡಿದರು. ಬೆರಳು ತೆಗೆದರು. ಮತ್ತೊಮ್ಮೆ ಇಟ್ಟರು. ಆಮೇಲೆ ಎದ್ದು ಹೋಗಿ ಎಣ್ಣೆಯ ಒಲೆ ಆರಿಸಿದರು.

"ಎದೆನೋವು ಉಂಟಾ? ಉಸಿರು ಕಟ್ತದಾ? ಬೆವರು?"

"ಏನಿಲ್ರಿ. ಬರೇ ಹೊಡಕೊಳ್ಳೂದು, ನಡು ನಡುವೆ ತಪ್ಪೂದು."

"ಇವತ್ತು ಎಣ್ಣೆ ಇಲ್ಲ."

"ಹಂಗಾರ ಕಷಾಯ ಕೊಡ್ತೀರೇನ್ರಿ?"

"ಇಲ್ಲ. ನಾನು ಇದಕ್ಕೆ ಕೈ ಹಾಕುದಿಲ್ಲ. ಈಗಲೇ ಆಸ್ಪತ್ರೆಗೆ ಹೋಗಿ ಈಸೀಜಿ ಮಾಡಿಸಿ. ದಾರಿಯಲ್ಲಿ ಎದೆನೋವು ಬಂದ್ರೆ ಆಂಬುಲೆನ್ಸಿಗೆ ಫೋನ್ ಮಾಡಿ, ಕಾಯ್ಬೇಡಿ."

ಪ್ರತಿಮಾ ಮೆಲ್ಲಗೆ ಕೇಳಿದಳು, "ಮೇಡಂ, ಪಥ್ಯ?"

"ಪಥ್ಯ ಎಂತದೂ ಇಲ್ಲ."

"ಖಾರ?"

"ಉಣ್ಣಿ."

"ಬದನಿಕಾಯಿ?"

"ಮನೆಯಲ್ಲಿ ಇದ್ದದ್ದು ಉಣ್ಣಿ. ಮೊದಲು ಹೊರಡಿ."

ಅವರು ಫೀಸನ್ನೂ ಮುಟ್ಟಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ ಪ್ರತಿಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಮ್ಮ ಅಜ್ಜಗ ಹುಷಾರಿಲ್ದಾಗ ಊರಿನ ಪಂಡಿತರು ವರ್ಷಗಟ್ಟಲೆ ಉಪ್ಪ ಬ್ಯಾಡ, ಹುಳಿ ಬ್ಯಾಡ ಅಂತಿದ್ರು. ಒಂದಿನ ಬಂದು ಕೈ ಹಿಡದು ನೋಡಿ, ಇನ್ನ ಪಥ್ಯ ಸಾಕು, ಏನ್ ಕೇಳ್ತಾನ ಅದನ್ನ ಕೊಡ್ರಿ ಅಂದು, ರೊಕ್ಕಾ ತಗೊಳ್ಳದ ಹೋದ್ರು. ಮೂರನೇ ದಿನ ಅಜ್ಜ ಹೋದ."

ನಮ್ಮ ಕೋಲಾರದ ಕಡೆಯೂ ಇದೇ ಪದ್ಧತಿ. ಪಂಡಿತರು ಮೊಸರನ್ನ ಕೊಡಬಹುದು ಎಂದರೆ ಸಾಕು, ಮನೆಯವರು ದೂರದ ಊರಿನ ನಂಟರಿಗೆ ಹೇಳಿ ಕಳಿಸುತ್ತಾರೆ. ಭೀಮಪ್ಪನವರ ಮಂಡಿಗೆ ನಾಲ್ಕು ಪಥ್ಯ ಹೇಳಿದ ಹೆಂಗಸು ಈರೇಶನ ಹೃದಯಕ್ಕೆ ಒಂದನ್ನೂ ಹೇಳಲಿಲ್ಲ ಎಂದರೆ ಇನ್ನೇನು ಉಳಿಯಿತು? ಆಸ್ಪತ್ರೆಗೆ ಹೋಗಿ ಎಂದದ್ದು ಸಮಾಧಾನಕ್ಕೆ ಎಂದು ಮೂವರಿಗೂ ಒಂದೇ ಸಲ ಹೊಳೆಯಿತು. ಈರೇಶ, "ಮೊದಲ ಮನೀಗೆ ನಡೀರಿ. ಅವ್ವನ ಜೋಡಿ ಒಂದ ಮಾತ ಆಡಿ ಹೋಗೂಣು" ಎಂದ. ನಾನು, ಓದಿದವನು, ಸ್ಟಿಯರಿಂಗ್ ತಿರುಗಿಸಿದೆ.

ಒಂದು ಗಂಟೆಯೊಳಗೆ ಸುವೈಕ್‌ನ ಕನ್ನಡಿಗರೆಲ್ಲ ಅವನ ಮನೆಯಲ್ಲಿದ್ದರು. ಬರಿಗೈಯಲ್ಲಿ ಯಾರೂ ಬಂದಿರಲಿಲ್ಲ. ಪಥ್ಯವಿಲ್ಲದ ರೋಗಿ ಎಂದು ಕೇಳಿ ಒಬ್ಬರು ಮಿರ್ಚಿ ಭಜಿ, ಒಬ್ಬರು ಗಿರಮಿಟ್, ನನ್ನ ಹೆಂಡತಿ ಹಬ್ಬಕ್ಕೆಂದು ಮಾಡಿಟ್ಟಿದ್ದ ಕಾಯಿ ಹೋಳಿಗೆ ತಂದಿದ್ದರು. ಈರೇಶ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕುಳಿತು, ಕಣ್ಣಲ್ಲಿ ನೀರು ಸುರಿಸುತ್ತ ಭಜಿ ತಿನ್ನುತ್ತಿದ್ದ. ನೀರು ದುಃಖದ್ದೋ ಮೆಣಸಿನಕಾಯಿಯದ್ದೋ ಹೇಳುವುದು ಕಷ್ಟವಾಗಿತ್ತು.

ಭೀಮಪ್ಪನವರು ಕುರ್ಚಿ ಎಳೆದುಕೊಂಡು ಎದುರು ಕುಳಿತರು. "ಈರೇಶ ಭಾಳ ಒಳ್ಳೆ ಮನಶ್ಯಾ ಇದ್ದ. ಸ್ವಲ್ಪ ಬಾಯಿ ದೊಡ್ಡದು, ಆದ್ರ ಮನಸು ಸ್ವಚ್ಛ ಇತ್ತು."

"ಭೀಮಪ್ಪ ಕಾಕಾ, ನಾ ಇಲ್ಲೇ ಅದೀನಿ."

"ಅದೇ ಅಂತೀನಿ ತಮ್ಮಾ. ನೀ ಇರೂತನಕ ಹೇಳಿದ್ರ ನಿನಗೂ ಕೇಳ್ತದ."

ಪ್ರತಿಮಾ ಫೋನ್ ಕಾರ್ಡಿನ ನಂಬರ್ ಒತ್ತಿ ಊರಿಗೆ ಕರೆ ಮಾಡಿದಳು. ಅತ್ತ ಕಡೆ ಅತ್ತೆ ಶರಣವ್ವ. ಗಟ್ಟಿ ದನಿಯ ಮುದುಕಿ, ಸ್ಪೀಕರ್ ಇಲ್ಲದೆಯೂ ಕೋಣೆಗೆಲ್ಲ ಕೇಳಿಸುತ್ತಿತ್ತು.

"ವೈದ್ಯರ ಕಡೆ ಹೋಗಿದ್ರಿ?"

"ಹೋಗಿದ್ವಿ ಅತ್ತಿ."

"ಏನೇನ್ ಪಥ್ಯ ಹೇಳ್ಯಾರ?"

ಪ್ರತಿಮಾ ತುಟಿ ಕಚ್ಚಿದಳು. "ಏನೂ ಹೇಳಿಲ್ರಿ."

"ಖಾರಾ?"

"ತಿನಬಹುದಂತ."

"ಬದನಿಕಾಯಿ?"

"ಅದೂನೂ."

ಆ ಗಟ್ಟಿ ದನಿ ತೀರಾ ಸಣ್ಣದಾಗಿ ಹೇಳಿತು, "ಎಣಗಾಯಿ ಮಾಡಿ ಹಾಕವ್ವ ನನ್ನ ಮಗಗ. ಎಣ್ಣಿ ಕಡಿಮಿ ಮಾಡಬ್ಯಾಡ." ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಅತ್ತರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಅಷ್ಟರಲ್ಲಿ ಮನೆಯ ಮುಂದೆ ಲ್ಯಾಂಡ್ ಕ್ರೂಸರ್ ನಿಂತಿತು. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಒಡೆಯರು, ಬಾಸಿಲ್. ಭೀಮಪ್ಪನವರು ಅವರಿಗೂ ಫೋನ್ ಮಾಡಿ, ಸೂಪರ್‌ವೈಸರ್ ಖಲಾಸ್ ಎಂದಿದ್ದರಂತೆ. ಬೆಳ್ಳಗಿನ ನಿಲುವಂಗಿ ದಿಶ್‌ದಾಶಾ ತೊಟ್ಟ ಬಾಸಿಲ್ ಚಪ್ಪಲಿ ಹೊರಗೆ ಬಿಟ್ಟು ಬಂದು, ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತರು. ಒಂದು ಕೈಯಲ್ಲಿ ಹಲ್ವಾದ ಡಬ್ಬಿ, ಇನ್ನೊಂದರಲ್ಲಿ ಕಾವಾ ಫ್ಲಾಸ್ಕ್. ಹಿಂದಿಯಲ್ಲಿ, ಈರೇಶ ಹೋದ ಮನೆಗಳಿಂದ ಒಂದೂ ದೂರು ಬಂದಿಲ್ಲ, ಎಲ್ಲರೂ ಇವನನ್ನೇ ಕಳಿಸಿ ಅನ್ನುತ್ತಾರೆ, ಕಾವಾವನ್ನು ಇಷ್ಟು ಪ್ರೀತಿಯಿಂದ ಕುಡಿಯುವ ಭಾರತೀಯನನ್ನು ಅವರು ನೋಡಿಯೇ ಇಲ್ಲವಂತೆ ಎಂದು ಹೇಳಿ, ಬಟ್ಟಲಿಗೆ ಹಾಕಿ ಕೊಟ್ಟರು.

ಈರೇಶ ಕುಡಿದು ಬಟ್ಟಲು ಚಾಚಿದ. ಬಾಸಿಲ್ ತುಂಬಿದರು. ಅವನು ಕುಡಿದು ಚಾಚಿದ. ಅವರು ತುಂಬಿದರು. ಕಫೀಲರ ಕಣ್ಣು ಒದ್ದೆಯಾಗಿತ್ತು. ಸಾಯುವವನು ಬಾಯಿಬಿಟ್ಟು ಕೇಳದೆಯೇ ಕೇಳುತ್ತಿದ್ದಾನೆಂದು ಅವರು ತಿಳಿದಿದ್ದರು. "ಪೀಯೋ ಈರೇಶ್, ಪೀಯೋ" ಎನ್ನುತ್ತ ಹಾಕುತ್ತಲೇ ಹೋದರು. ಈರೇಶ ನನ್ನ ಕಡೆ ಬಾಗಿ, "ಅಣ್ಣಾ, ಹೊಟ್ಟ್ಯಾಗ ಜಾಗಾ ಇಲ್ಲ. ಆದ್ರ ಕಫೀಲ್ ಅಳಾಕತ್ತಾರ, ಹ್ಯಾಂಗ್ ಬ್ಯಾಡ ಅನ್ಲಿ?" ಎಂದು ಪಿಸುಗುಟ್ಟಿದ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅಂಗಿಯ ಗುಂಡಿ ಅಲುಗುವುದು ನನಗೇ ಕಾಣುತ್ತಿತ್ತು.

"ನೀವು ಇನ್ನೂ ಇಲ್ಲೇ ಇದ್ದೀರಾ?"

ಬಾಗಿಲಲ್ಲಿ ಪ್ಯಾಟ್ರಿಷಿಯಾ ನಿಂತಿದ್ದರು. ಹಿಂದೆ ಗಾಡಿಯ ಕೀ ತಿರುಗಿಸುತ್ತ ಸ್ಟ್ಯಾನಿ. ಆಸ್ಪತ್ರೆಗೆ ಹೋದರೋ ಇಲ್ಲವೋ ಎಂದು ಕೇಳಲು ಮೇಡಂ ಫೋನ್ ಮಾಡಿದ್ದರಂತೆ. ಊರಿನ ಕರೆಯಿಂದ ಫೋನ್ ಬಿಡುವಿರಲಿಲ್ಲವಾಗಿ, ಕೇಂದ್ರಕ್ಕೆ ಬೀಗ ಹಾಕಿ ಬಂದಿದ್ದರು. ಅವರ ಕಣ್ಣು ಭಜಿಯ ಮೇಲೆ, ಹೋಳಿಗೆಯ ಮೇಲೆ, ಅಳುತ್ತಿದ್ದ ಹೆಂಗಸರ ಮೇಲೆ ಹರಿದು, ಕೊನೆಗೆ ಈರೇಶನ ಕೈಯಲ್ಲಿದ್ದ ಬಟ್ಟಲಿನ ಮೇಲೆ ನಿಂತಿತು. ಅವನು ಕುಡಿದು ಚಾಚಿದ. ಬಾಸಿಲ್ ತುಂಬಿದರು.

"ಸಾಕಾದ್ರೆ ಕಪ್ ಅಲ್ಲಾಡಿಸುದಿಲ್ವಾ ನೀವು?"

"ಏನ್ ಅಲ್ಲಾಡಸೂದು?"

ಮೇಡಂ ಬಟ್ಟಲನ್ನು ಕಿತ್ತುಕೊಂಡು, ಎರಡು ಬೆರಳಲ್ಲಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದರು. ಬಾಸಿಲ್ ಅಭ್ಯಾಸಬಲದಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕೆಳಗಿಟ್ಟರು. ಒಮಾನಿನಲ್ಲಿ ಸಾಕು ಎನ್ನುವುದಕ್ಕೆ ಬಾಯಿ ಬೇಡ, ಬಟ್ಟಲು ಅಲ್ಲಾಡಿಸಿದರಾಯಿತು. ಅಲ್ಲಾಡಿಸುವ ತನಕ ಹಾಕುವುದು ಮನೆಯವರ ಧರ್ಮ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನೊಬ್ಬ ದಿನವಿಡೀ ಮಜ್ಲಿಸುಗಳಲ್ಲೇ ಇರುತ್ತಾನೆಂದು ನಮಗೆ ಹೊಳೆದಿರಲಿಲ್ಲ, ಅಷ್ಟೆ.

"ದಿನಕ್ಕೆ ಎಷ್ಟು ಮನೆ?"

"ಆರೇಳು."

"ಒಂದೊಂದು ಮನೆಯಲ್ಲಿ ಎಷ್ಟು ಕಪ್?"

"ಹಿಂಗ ಒಂಬತ್ತು, ಹತ್ತು. ಅವರು ಬಿಡೂದಿಲ್ರಿ ಮೇಡಂ, ಪ್ರೀತಿ."

ನಾನು ಭಾಗಿಸದೆ ಗುಣಿಸಿದೆ, ಅರವತ್ತು. ಬಾಸಿಲ್‌ಗೆ ಯಾರೋ ಹಿಂದಿಯಲ್ಲಿ ವಿಷಯ ಹೇಳಿದಾಗ ಅವರು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು, ಸುವೈಕ್‌ನ ಮನೆಮನೆಗಳಲ್ಲಿ ಕಾವಾ ಪುಡಿ ಏಕೆ ಮುಗಿಯುತ್ತಿತ್ತೆಂದು ಈಗ ಅರ್ಥವಾಯಿತು ಎಂದರು.

ಭೀಮಪ್ಪನವರು ತೊಡೆ ತಟ್ಟಿದರು. "ಹಂಗಾರ ರೋಗ ಸಿಕ್ತು. ಖಲಾಸ್. ಆಸ್ಪತ್ರಿ ಯಾಕ ಇನ್ನ? ಕಾವಾ ಬಂದ್ ಅಂತ ಒಂದ ಪಥ್ಯ ಹೇಳಿಬಿಡ್ರಿ ಮೇಡಂ."

"ಹೇಳ್ರಿ ಮೇಡಂ" ಎಂದಳು ಪ್ರತಿಮಾ. ಅವಳು ಅವರ ಕೈ ಹಿಡಿದುಕೊಂಡಿದ್ದಳು. "ಒಂದ ಪಥ್ಯ ಹೇಳ್ರಿ. ಒಂದ ಸಾಕು."

ಕೋಣೆಯಲ್ಲಿದ್ದವರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಬಟ್ಟಲು ನೋಡಿಯೇ ರೋಗ ಹಿಡಿದ ಮಹಾತಾಯಿ ಎಂದು ಮರುದಿನದೊಳಗೆ ಸೋಹಾರಿನ ತನಕ ಹೆಸರು ಹೋಗುತ್ತಿತ್ತು, ಹಾಗೆ ಹೊತ್ತುಕೊಂಡು ಹೋಗಲು ನಾವೆಲ್ಲ ಸಿದ್ಧರಾಗಿದ್ದೆವು. ಪ್ಯಾಟ್ರಿಷಿಯಾ ಬಟ್ಟಲನ್ನು ತಟ್ಟೆಯಲ್ಲಿಟ್ಟರು.

"ಹೇಳುದಿಲ್ಲ. ಕಾವಾ ಅಂತ ನನಗೂ ಕಾಣ್ತದೆ. ಆದ್ರೆ ಒಳಗೆ ಬೇರೆ ಎಂತಾದ್ರೂ ಇದ್ರೆ? ಬಡಿತ ತಪ್ಪುದು ನನ್ನ ಬೆರಳಿಗೆ ಗೊತ್ತಾಗ್ತದೆ. ಯಾಕೆ ತಪ್ತದೆ ಅಂತ ಬೆರಳಿಗೆ ಗೊತ್ತಾಗುದಿಲ್ಲ. ಅದಕ್ಕೆ ಯಂತ್ರ ಉಂಟು, ಓದ್ಲಿಕ್ಕೆ ಡಾಕ್ಟರ್ ಇದ್ದಾರೆ."

"ಮತ್ತ ಸಂಜೀಕ ಪಥ್ಯ ಯಾಕ ಹೇಳಲಿಲ್ರಿ?" ಎಂದ ಈರೇಶ. ಅವನ ದನಿಯಲ್ಲಿ ಇಡೀ ಸಂಜೆಯ ಅಳು ಇತ್ತು. "ಪಥ್ಯ ಇಲ್ಲಂದ್ರ ನಮ್ಮ ಕಡೆ ಮುಗೀತಂತ ಅರ್ಥರಿ."

ಹೆಂಗಸರು ಯಾಕೆ ಅಳುತ್ತಿದ್ದಾರೆಂದು ಮೇಡಂಗೆ ಆಗ ತಿಳಿಯಿತು. ಅವನ ಪಕ್ಕ ಕುಳಿತು, ತಮ್ಮನಿಗೆ ಹೇಳುವ ಹಾಗೆ ಹೇಳಿದರು. "ಪಥ್ಯ ಹೇಳಿದ್ರೆ ನೀವು ಪಥ್ಯ ಮಾಡ್ತಾ ಮನೆಯಲ್ಲೇ ಕೂತುಕೊಳ್ತೀರಿ. ಆಸ್ಪತ್ರೆಗೆ ಹೋಗುದಿಲ್ಲ. ನನ್ನ ಪೇಷೆಂಟುಗಳು ನನಗೆ ಗೊತ್ತಿಲ್ವಾ?" ಕೊನೆಯ ಮಾತಿಗೆ ಅವರ ಕಣ್ಣು ಭೀಮಪ್ಪನವರ ಕಡೆ ಹೋಯಿತು. ಭೀಮಪ್ಪನವರು ಮಂಡಿ ಸವರಿಕೊಂಡರು.

"ಯಲ್ಲಾ, ಚಲೋ" ಎಂದು ಬಾಸಿಲ್ ಎದ್ದರು.

ಹೊರಡುವುದು ಅಷ್ಟು ಸುಲಭವಿರಲಿಲ್ಲ. ಸಮಾಧಾನ ಹೇಳಲು ಬಂದವರ ಕಾರುಗಳೆಲ್ಲ ಅಂಗಳದಲ್ಲಿ ಅಡ್ಡಾದಿಡ್ಡಿ ನಿಂತು, ನನ್ನ ಕಾರು ಗೋಡೆಗೂ ಲ್ಯಾಂಡ್ ಕ್ರೂಸರಿಗೂ ನಡುವೆ ಸಿಕ್ಕಿಬಿದ್ದಿತ್ತು. ಕೂಡಲೇ ಹೊರಡಬಹುದಾದದ್ದು ಒಂದೇ, ಕೊನೆಗೆ ಬಂದು ಎಲ್ಲರ ಹಿಂದೆ ದಾರಿಯಲ್ಲಿ ನಿಂತಿದ್ದ ಸ್ಟ್ಯಾನಿಯ ಮೀನಿನ ಪಿಕಪ್.

"ಸಾಯ್ತೀನಿ ಆದ್ರ ಮೀನಿನ ಗಾಡ್ಯಾಗ ಬರಂಗಿಲ್ರಿ" ಎಂದ ಈರೇಶ. ಕೊರಳಲ್ಲಿ ಲಿಂಗ ಕಟ್ಟಿದವನು, ಮೊಟ್ಟೆಯ ವಾಸನೆಗೂ ಆಗದವನು.

"ಮೀನು ಇಳಿಸಿ ಆಗಿದೆ" ಎಂದರು ಸ್ಟ್ಯಾನಿ ವಿನಯದಿಂದ.

"ಹತ್ತಿ" ಎಂದರು ಮೇಡಂ. ಅವನು ಹತ್ತಿದ.

ಮುಂದೆ ಪಿಕಪ್. ಅದರಲ್ಲಿ ಗಂಡಹೆಂಡಿರ ನಡುವೆ ಮೂಗು ಮುಚ್ಚಿಕೊಂಡ ಈರೇಶ, ಅವನ ಮಣಿಕಟ್ಟಿನ ಮೇಲೆ ಮೇಡಂ ಬೆರಳು. ಹಿಂದೆ ಬಾಸಿಲ್‌ರ ಗಾಡಿಯಲ್ಲಿ ಪ್ರತಿಮಾ, ನಾನು, ಭೀಮಪ್ಪನವರು. ಅದರ ಹಿಂದೆ ಉಳಿದವರ ಮೆರವಣಿಗೆ. ಎಲ್ಲರೂ ನಾಲ್ಕೂ ದೀಪ ಮಿನುಗಿಸುತ್ತ ರುಸ್ತಾಕ್‌ನ ದೊಡ್ಡ ಆಸ್ಪತ್ರೆಯ ಕಡೆ ಹೊರಟೆವು. ಒಂದು ವೃತ್ತದಲ್ಲಿ ಪೊಲೀಸನೊಬ್ಬ ಕೈ ತೋರಿಸಿ ನಿಲ್ಲಿಸಿ, ಮದುವೆ ಯಾರದು ಎಂದು ಕೇಳಿದ. ಬಾಸಿಲ್ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದರು. ಪೊಲೀಸ್ ನಗಲಿಲ್ಲ. ಪಿಕಪ್ಪಿನ ಕಿಟಕಿಗೆ ಹೋಗಿ ಈರೇಶನ ಮುಖ ನೋಡಿ, ಬಟ್ಟಲು ಹಿಡಿದಂತೆ ತನ್ನ ಎರಡು ಬೆರಳನ್ನು ಅಲ್ಲಾಡಿಸಿ ತೋರಿಸಿ, ಆಮೇಲೆ ಮೇಡಂ ಹತ್ತಿರ ತನ್ನ ತಾಯಿಯ ಬೆನ್ನುನೋವಿನ ವಿಷಯ ಎತ್ತಿದ. ಮೇಡಂ ಕಾರ್ಡ್ ಕೊಟ್ಟು, "ಮೊದಲು ಎಕ್ಸ್‌ರೇ" ಎಂದರು.

ಆಸ್ಪತ್ರೆಯಲ್ಲಿದ್ದವರು ಎತ್ತರದ ಸೂಡಾನಿ ಡಾಕ್ಟರು. ಪ್ಯಾಟ್ರಿಷಿಯಾ ತಾವು ಯಾರು, ಬೆರಳಿಗೆ ಏನು ತಿಳಿಯಿತು, ಕಣ್ಣಿಗೆ ಏನು ಕಂಡಿತು ಎಂದು ನಾಲ್ಕು ಮಾತಿನಲ್ಲಿ ಹೇಳಿ, ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತರು. ನಮ್ಮೂರಿನಲ್ಲಾಗಿದ್ದರೆ ಇಷ್ಟು ಕಂಡುಹಿಡಿದವರು ಡಾಕ್ಟರ ಕುರ್ಚಿಯಲ್ಲೇ ಕೂರುತ್ತಿದ್ದರು. ಈರೇಶನನ್ನು ಪರದೆಯ ಹಿಂದಕ್ಕೆ ಕರೆದೊಯ್ದರು. ಪರದೆಯ ಈಚೆ ಪ್ರತಿಮಾ ಕಣ್ಣು ಮುಚ್ಚಿ ಕುಳಿತಳು, ತಾಯಮ್ಮ ಅವಳ ಬೆನ್ನು ಸವರುತ್ತಿದ್ದಳು.

ಕಾರಿಡಾರಿನಲ್ಲಿ ಭೀಮಪ್ಪನವರು ಮಾತ್ರ ಸುಮ್ಮನಿರಲಿಲ್ಲ. ಕಾವಾ ವಿಷಯ ಮೊದಲು ತಮಗೇ ಹೊಳೆದದ್ದು ಎಂದು ದೊಡ್ಡ ದನಿಯಲ್ಲಿ ಬಂದುಹೋದವರಿಗೆಲ್ಲ ಹೇಳುತ್ತಿದ್ದರು. ಮಲಯಾಳಿ ನರ್ಸ್ ಎರಡು ಸಲ ಸುಮ್ಮನಿರಲು ಹೇಳಿ, ಮೂರನೇ ಸಲ ಅವರನ್ನು ಕೂರಿಸಿ, ಬಾಯಿ ಮುಚ್ಚಿಸಲೆಂದೇ ತೋಳಿಗೆ ಪ್ರೆಶರ್ ಪಟ್ಟಿ ಸುತ್ತಿದಳು. ಯಂತ್ರ ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದಳು. ಆಮೇಲೆ ಅವರನ್ನು ಏಳಬೇಡಿ ಎಂದು ಹೇಳಿ, ಗಾಲಿಗಳಿರುವ ಮಂಚ ತರಲು ಓಡಿದಳು.

ಈರೇಶನಿಗಾಗಿ ಕಣ್ಣೀರು ಹಾಕಲು ಬಂದಿದ್ದ ಹಿರಿಯರು ಈರೇಶನ ಪಕ್ಕದ ಪರದೆಯೊಳಗೆ ಮಲಗಿದರು. ಇಂಥ ಪ್ರೆಶರ್ ಹೊತ್ತುಕೊಂಡು ಇವರು ಮೆಟ್ಟಿಲು ಹತ್ತಿಳಿಯುತ್ತಿದ್ದುದೇ ಆಶ್ಚರ್ಯ, ರಾತ್ರಿ ಇಲ್ಲೇ ಇರಬೇಕು ಎಂದರು ಡಾಕ್ಟರು. ಭೀಮಪ್ಪನವರು ತಲೆಯೆತ್ತಿ ಪ್ಯಾಟ್ರಿಷಿಯಾ ಅವರನ್ನು ಹುಡುಕಿದರು. ದೊಡ್ಡ ದನಿ ಎಲ್ಲೋ ಹೋಗಿತ್ತು.

"ಮೇಡಂ, ನೀವು ಹೇಳಿದ್ರಿ. ನಾ ಕೇಳಲಿಲ್ಲ."

"ಈಗ ಬಂದಿರಲ್ಲ, ಸಾಕು."

"ನನಗ ಪಥ್ಯ?"

"ಇವತ್ತು ನಾನು ಹೇಳುದಿಲ್ಲ. ಇದು ಡಾಕ್ಟರ ಕೆಲಸ."

ಭೀಮಪ್ಪನವರ ಮುಖ ಬಿಳಿಚಿತು. ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದರು. ಡಾಕ್ಟರು ಇಂಗ್ಲಿಷಿನಲ್ಲಿ, ಉಪ್ಪಿನಕಾಯಿ ಹಪ್ಪಳ ನಿಲ್ಲಿಸಿ, ಊಟದಲ್ಲಿ ಉಪ್ಪು ತೀರಾ ಕಡಿಮೆ ಮಾಡಿ ಎಂದರು. "ಉಪ್ಪ ಬಂದ್ ಅಂತ" ಎಂದು ನಮ್ಮ ಕಡೆ ತಿರುಗಿ ಹೇಳುವಾಗ ಭೀಮಪ್ಪನವರ ಕಣ್ಣಲ್ಲಿ ನೀರಿತ್ತು. "ಪಥ್ಯ ಐತಿ, ಮುನಿಯಪ್ಪ. ಐತಿ."

ಈರೇಶನ ಪರದೆ ಸರಿಯಲು ಇನ್ನೂ ಬಹಳ ಹೊತ್ತು ಹಿಡಿಯಿತು. ಈಸೀಜಿ ಆಯಿತು, ರಕ್ತ ನೋಡಿದರು, ಮತ್ತೊಮ್ಮೆ ಈಸೀಜಿ ಮಾಡಿದರು. ಕೊನೆಗೆ ಡಾಕ್ಟರು ಹೊರಗೆ ಬಂದು, ಹೃದಯದಲ್ಲಿ ದೋಷವಿಲ್ಲ, ಆ ತಪ್ಪು ಬಡಿತ ಕಾಫಿಯಿಂದಲೇ, ಒಂದು ವಾರ ಕಾಫಿ, ಚಹಾ ಬಿಟ್ಟು ಮತ್ತೆ ಬಂದು ತೋರಿಸಲಿ, ಆಮೇಲೂ ಎರಡು ಕಪ್ ಸಾಕು ಎಂದರು. ಆಮೇಲೆ ಡಾಕ್ಟರೇ ಗೋಡೆಗೆ ಒರಗಿದ್ದ ಪ್ಯಾಟ್ರಿಷಿಯಾ ಅವರ ಕಡೆ ಒಂದು ಹೆಜ್ಜೆ ಇಟ್ಟು, ಈ ಮಹಿಳೆ ಎಣ್ಣೆ ಹಚ್ಚಿ ಮನೆಗೆ ಕಳಿಸಬಹುದಿತ್ತು, ಕಳಿಸಲಿಲ್ಲ ಎಂದು ನಮಗೆಲ್ಲ ಕೇಳುವಂತೆ ಹೇಳಿ ಎದೆಯ ಮೇಲೆ ಕೈಯಿಟ್ಟರು. ಮೇಡಂ ತಲೆ ತಗ್ಗಿಸಿ ಕೈಯಲ್ಲಿದ್ದ ಕೊಡೆಯ ಹಿಡಿಯನ್ನು ನೋಡಿಕೊಂಡರು. ಸುವೈಕ್‌ನಲ್ಲಿ ಕೊಡೆ ಹಿಡಿಯುವವರು ಅವರೊಬ್ಬರೇ, ಹಗಲು ಬಿಸಿಲಿಗೆ, ರಾತ್ರಿ ಅಭ್ಯಾಸಕ್ಕೆ.

ಬಾಸಿಲ್ ನೀರಿನ ಯಂತ್ರದಿಂದ ಕಾಗದದ ಲೋಟ ತಂದು ಈರೇಶನ ಕೈಗೆ ಕೊಟ್ಟರು. ಕಾರಿಡಾರಿನ ಬೆಂಚಿನ ಮೇಲೆ ಪಾಠ ಶುರುವಾಯಿತು. ಮೊದಲ ಸಲ ಅವನು ಗಂಟೆ ಬಾರಿಸಿದಂತೆ ಅಲ್ಲಾಡಿಸಿದ. ಹಾಗಲ್ಲ, ಮೆಲ್ಲಗೆ, ಕೋಪ ಬಂದವನಂತೆ ಕಾಣಬಾರದು ಎಂದು ಕಫೀಲ್ ಅವನ ಮಣಿಕಟ್ಟು ಹಿಡಿದು ತಿದ್ದಿದರು. ಅವನು ಕಲಿತ.

ಪ್ರತಿಮಾ ಊರಿಗೆ ಫೋನ್ ಹಚ್ಚಿದಳು. ಶರಣವ್ವ ಊಟ ಬಿಟ್ಟು ಫೋನಿನ ಪಕ್ಕದಲ್ಲೇ ಕುಳಿತಿದ್ದರೆಂದು ಕಾಣುತ್ತದೆ, ಮೊದಲ ರಿಂಗಿಗೇ ಎತ್ತಿದರು.

"ಅತ್ತಿ, ಏನೂ ಇಲ್ಲಂತ್ರಿ. ದೊಡ್ಡ ಡಾಕ್ಟರು ನೋಡಿದ್ರು. ಹೃದಯ ಗಟ್ಟಿ ಐತಂತ."

"ಡಾಕ್ಟರು ಹಂಗ ಹೇಳ್ತಾರವ್ವ. ಸಮಾಧಾನಕ್ಕ ಹೇಳ್ತಾರ." ಆ ದನಿ ಇನ್ನೂ ಸಣ್ಣದಾಗಿಯೇ ಇತ್ತು. "ಆ ವೈದ್ಯರು ಏನಂದ್ರು? ಪಥ್ಯ ಹೇಳಿದ್ರೇನು?"

ಪ್ರತಿಮಾ ಮೇಡಂ ಕಡೆ ನೋಡಿದಳು. ಮೇಡಂ ಫೋನಿಗೆ ಬಾಗಿ, "ಕಾವಾ ಬೇಡ ಅಮ್ಮ. ಒಂದು ವಾರ ಕಾಫಿ, ಚಾ ಎಂತದೂ ಬೇಡ. ಆಮೇಲೆ ಎರಡು ಕಪ್, ಅಷ್ಟೆ" ಎಂದರು.

"ಕಾವಾ ಅಂದ್ರ ಏನೋ ನನಗ ಗೊತ್ತಿಲ್ಲವ್ವ. ಬದನಿಕಾಯಿ ತಿನಬಹುದೇನು ನನ್ನ ಮಗ?"

ಕಾರಿಡಾರಿನಲ್ಲಿ ಎಲ್ಲರೂ ಮೇಡಂ ಮುಖ ನೋಡಿದರು. ಬದನೆಕಾಯಿಗೂ ಈರೇಶನ ಎದೆಗೂ ಯಾವ ಸಂಬಂಧವೂ ಇರಲಿಲ್ಲ. ತಿನ್ನಬಹುದು ಎನ್ನುವುದೇ ಸರಿಯಾದ ಉತ್ತರ. ಇಡೀ ಸಂಜೆ ತನಗೆ ತಿಳಿಯದ ಒಂದು ಮಾತನ್ನೂ ಬಾಯಿಂದ ಬಿಡದೆ, ಸುವೈಕ್‌ನ ಕಣ್ಣೀರಿಗೂ ಜಗ್ಗದೆ ನಿಂತಿದ್ದ ಆ ಹೆಂಗಸು, ಒಮ್ಮೆ ಡಾಕ್ಟರ ಕಡೆ, ಒಮ್ಮೆ ಪ್ರತಿಮಾಳ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು.

"ಬದನೆ ಬೇಡ" ಎಂದರು. "ಒಂದು ತಿಂಗಳು ಬಾಯಿಗೆ ಹಾಕ್ಲಿಕ್ಕೇ ಇಲ್ಲ."

ಅವರು ತಮ್ಮ ಗೆರೆ ದಾಟಿ ಕೊಟ್ಟ ಮದ್ದು ಅದೊಂದೇ. ರೋಗಿ ಗಜೇಂದ್ರಗಡದಲ್ಲಿದ್ದರು.

ಎಣಗಾಯಿಗೆ ಪ್ರಾಣ ಬಿಡುವ ಈರೇಶ ಲೋಟ ಹಿಡಿದು ಬಾಯಿ ತೆರೆದ. ಮೇಡಂ ನೋಡಿದ ನೋಟಕ್ಕೆ ಮುಚ್ಚಿದ. ಫೋನಿನಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು, ಆಮೇಲೆ ಶರಣವ್ವನ ಹಳೆಯ ದನಿ, ಕಾರಿಡಾರಿನ ಆ ತುದಿಯಲ್ಲಿದ್ದ ನರ್ಸ್ ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ಬದನಿಕಾಯಿನೂ ಬಂದ್ ಮಾಡ್ಯಾರಾ? ಹಂಗಾರ ನನ್ನ ಮಗ ಉಳಕೊಂಡ ಬಿಡವ್ವ. ನಡಿ, ನಾ ಇನ್ನ ಉಣ್ತೀನಿ."